ಕಡಿಮೆ ದುಡ್ಡಿನಲ್ಲಿ ಮನೆಗೊಂದು ಸ್ಟೀರಿಯೊ: ಯಾವುದಕ್ಕೆ ಎಷ್ಟು ಹಾಕಲಿ?

ಮೊದಲಕಿವಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಒಂದು ಗೋಡೆಗೆ ಪುಸ್ತಕದ ಕಪಾಟು, ಇನ್ನೊಂದಕ್ಕೆ ಟಿವಿ. ಟಿವಿ ಕೆಳಗೆ ಸೌಂಡ್‌ಬಾರ್ ಇದೆ. ಸಿನಿಮಾಕ್ಕೆ ಅಡ್ಡಿಯಿಲ್ಲ. ಹಾಡು ಹಾಕಿದರೆ ಮಾತ್ರ ಹಾಡುವವರು, ಪಿಟೀಲು, ತಂಬೂರಿ ಎಲ್ಲ ಒಂದೇ ಕಿಂಡಿಯಲ್ಲಿ ನುಗ್ಗಿ ಬಂದ ಹಾಗೆ ಕೇಳಿಸುತ್ತದೆ. ನಾನು ಕೇಳುವುದು ಹೆಚ್ಚಾಗಿ ಹಾಡುಗಾರಿಕೆ, ಒಂದಿಷ್ಟು ಜಾಝ್. ಅಪ್ಪನ ಸಿಡಿಗಳು ಒಂದು ಪೆಟ್ಟಿಗೆ ತುಂಬ ಇವೆ, ಉಳಿದದ್ದು ಫೋನಿನಿಂದ. ಕೂರುವುದೇ ರಾತ್ರಿ 10ರ ಮೇಲೆ, ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ.

ಬಜೆಟ್ ಹೇಳಿಕೊಳ್ಳುವಂಥದ್ದಲ್ಲ, ಒಂದು ಮಧ್ಯಮ ದರ್ಜೆಯ ಫೋನ್ ಬರುವಷ್ಟು. ಅಂಗಡಿಯಲ್ಲಿ ಡಬ್ಬದ ಮೇಲೆ "1000 ವ್ಯಾಟ್" ಎಂದು ಬರೆದಿದ್ದ 5.1 ಸೆಟ್ (ಐದು ಸ್ಪೀಕರ್, ಕೆಳಸ್ವರಕ್ಕೊಂದು ಸಬ್‌ವೂಫರ್) ತೋರಿಸಿದರು. ಅಲ್ಲಿ ಕೇಳಿದಾಗ ಎದೆ ನಡುಗಿತು. ಅದನ್ನೇ ತಗೊಳ್ಳಲಾ, ಬೇಡವಾ?

ಸುಮ್ಮನೇಕೇಳು

1000 ವ್ಯಾಟ್! ಕೋಣೆಗೋ ಮೈದಾನಕ್ಕೋ?

ತಂತಿಬೇಸಾಯ

ಬೇಡ ಸರ್. ಎದೆ ನಡುಗಿಸೋದು ಅಂಗಡಿ ಕೆಲಸ, ಹಾಡು ಕೇಳಿಸೋದು ಬೇರೆ ಕೆಲಸ. ಆಂಪ್ (ಸ್ಪೀಕರಿಗೆ ಬಲ ಕೊಡೋ ಆಂಪ್ಲಿಫೈಯರ್) ರಿಪೇರಿ ಮಾಡ್ಕೊಂಡೇ ತಲೆ ನರೆತವನು ನಾನು, ಆ ಡಬ್ಬದ ಅಂಕಿಗಳನ್ನ ಬಹಳ ನೋಡಿದೀನಿ.

ಆ ಪೆಟ್ಟಿಗೆ ಬೆನ್ನಿಗೆ ಒಂದು ಚೀಟಿ ಅಂಟಿಸಿರ್ತಾರೆ, ಕರೆಂಟು ಎಷ್ಟು ಎಳೆಯುತ್ತೆ ಅಂತ. ಮುಂದಿನ ಅಂಕಿ ಬಿಟ್ಟು ಅದನ್ನ ಓದಿ. 60 ವ್ಯಾಟ್ ಎಳೆಯೋ ಪೆಟ್ಟಿಗೆ ಇಡೀ ಹಾಡಿಗೆ 1000 ವ್ಯಾಟ್ ಎಲ್ಲಿಂದ ತಂದುಕೊಡುತ್ತೆ? ಪಿಎಂಪಿಒ ಅಂತ ಬರೆದಿದ್ರೆ ಅದು ಕಣ್ಣು ಮಿಟುಕಿಸೋವಷ್ಟು ಹೊತ್ತಿನ ಲೆಕ್ಕ. ನಿಮಗೆ ಬೇಕಾದ್ದು ಆರ್‌ಎಂಎಸ್, ಅಂದ್ರೆ ಒಂದೇ ಸಮ ಕೊಡ್ತಾ ಇರೋ ವ್ಯಾಟ್, ಅದೂ ಎರಡು ಚಾನೆಲ್ ಒಟ್ಟಿಗೆ ಓಡ್ತಿರುವಾಗ, 8 ಓಮ್‌ಗೆ (ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ) ಎಷ್ಟು ಅಂತ ಹೇಳಿರಬೇಕು.

ಎಷ್ಟು ಸಾಕು ಅಂತೀರಾ? ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಇರುತ್ತೆ. 86 ಡೆಸಿಬಲ್ ಅಂದ್ಕೊಳ್ಳಿ. ಒಂದು ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ 86. ನೀವು ಕೂರೋದು ಎರಡು ಮೀಟರ್ ಆಚೆ, ಒಂದಿಷ್ಟು ಕಳೀತು. ಸ್ಪೀಕರ್ ಎರಡಿವೆ, ಒಂದಿಷ್ಟು ಸೇರ್ತು. 83-84 ಅಂತಿಟ್ಕೊಳ್ಳೋಣ. ಬರೀ ಒಂದೊಂದು ವ್ಯಾಟ್‌ಗೇ ಅಷ್ಟು, ಅದೇ ಮನೆಯವರು "ಸ್ವಲ್ಪ ತಗ್ಗಿಸ್ರೀ" ಅನ್ನೋ ಸದ್ದು. 3 ಡೆಸಿಬಲ್ ಏರಿಸೋಕೆ ವ್ಯಾಟ್ ದುಪ್ಪಟ್ಟಾಗ್ಬೇಕು, 10 ಏರಿಸೋಕೆ ಹತ್ತು ಪಟ್ಟು. ತಾಳವಾದ್ಯದ ಏಟು ದಿಢೀರ್ ಅಂತ ಮೇಲಕ್ಕೆ ಹಾರುವಾಗ ಆ ಹತ್ತಿಪ್ಪತ್ತು ವ್ಯಾಟ್ ಕೈಗೆ ಬರ್ಬೇಕು, ಅಷ್ಟೆ. ನಿಮ್ಮ ಕೋಣೆಗೆ ಪ್ರಾಮಾಣಿಕವಾದ 30-40 ವ್ಯಾಟ್ ಧಾರಾಳ. 1970ರ ದಶಕದ ಕೊನೇಲಿ ಬಂದ ಎನ್‌ಎಡಿ 3020 ಅನ್ನೋ ಆಂಪ್ ಬರೀ 20 ವ್ಯಾಟಿನದು. ಸಾಧಾರಣ ಜೇಬಿನವರ ಮನೆಯಲ್ಲಿ ಹೆಸರು ಮಾಡಿತು, ಇವತ್ತಿಗೂ ಹುಡುಕಿ ಕೊಳ್ಳೋರಿದ್ದಾರೆ.

ಒಂದು ಕಿವಿಮಾತು. ಕೆಲವರು "1 ವ್ಯಾಟ್" ಬದಲು "2.83 ವೋಲ್ಟ್" ಅಂತ ಬರೀತಾರೆ. 8 ಓಮ್ ಸ್ಪೀಕರಿಗೆ ಅದು ಒಂದೇ ವ್ಯಾಟ್, 4 ಓಮ್‌ಗೆ ಎರಡು. ಹಾಗಾಗಿ 4 ಓಮ್ ಸ್ಪೀಕರ್ ಕಾಗದದ ಮೇಲೆ 3 ಡೆಸಿಬಲ್ ಜಾಸ್ತಿ ಹುಷಾರಿ ಕಾಣುತ್ತೆ.

ದುಡ್ಡು ಹತ್ತು ಪಾಲು ಮಾಡಿ. ಆರು ಪಾಲು ಸ್ಪೀಕರಿಗೆ, ಮೂರು ಆಂಪ್‌ಗೆ, ಒಂದು ವೈರು ಸ್ಟ್ಯಾಂಡಿಗೆ. ಐದು ಸ್ಪೀಕರ್, ಒಂದು ಸಬ್‌ವೂಫರ್, ಒಂದು ಆಂಪ್ ಎಲ್ಲಾನೂ ಅದೇ ದುಡ್ಡಲ್ಲಿ ಬರ್ಬೇಕು ಅಂದ್ರೆ ಒಂದೊಂದರ ಪಾಲಿಗೆ ಏನು ಉಳಿಯುತ್ತೆ ನೀವೇ ಲೆಕ್ಕ ಹಾಕಿ. ನೀವು ಕೇಳೋ ಸಂಗೀತ ಎರಡು ಚಾನೆಲ್‌ದು. ಎರಡೇ ಸ್ಪೀಕರ್ ಕೊಳ್ಳಿ, ಒಳ್ಳೇದು ಕೊಳ್ಳಿ.

ಇರುಳುರಾಗ

ತಂತಿಬೇಸಾಯ ಸರ್ ಹೇಳಿದ ಪಾಲು ಸರಿಯೇ. ಆದರೆ ಆಂಪ್ ಬೇರೆ ಯಾಕೆ ಬೇಕು? ಆಂಪ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ತಗೊಂಡರೆ ಒಂದು ಪೆಟ್ಟಿಗೆ ಉಳಿಯಿತು, ವೈರಿನ ಗೋಜೂ ಕಡಿಮೆ. ನಾನು ಹಾಗೇ ಮಾಡಿದ್ದೇನೆ. ಫೋನಿಗೆ ಬ್ಲೂಟೂತ್, ಟಿವಿಗೆ ಆಪ್ಟಿಕಲ್ ಕೇಬಲ್. ಬಾಡಿಗೆ ಮನೆ ಬದಲಿಸುವವರಿಗೆ ಇದಕ್ಕಿಂತ ಹಗುರ ಇನ್ನೊಂದಿಲ್ಲ.

ಒಂದೇ ತೊಡಕು, ಅದನ್ನು ಮುಚ್ಚಿಡುವುದಿಲ್ಲ. ಮೊದಲು ನಾನು ಸ್ಟುಡಿಯೊ ಮಾನಿಟರ್ ಎಂದು ಮಾರುವ ಸ್ಪೀಕರ್ ಜೋಡಿ ತಂದಿದ್ದೆ. ಹಗಲು ಏನೂ ಗೊತ್ತಾಗಲಿಲ್ಲ. ರಾತ್ರಿ ಎಲ್ಲ ಮಲಗಿದ ಮೇಲೆ ಹಾಡು ನಿಲ್ಲಿಸಿದರೂ ಟ್ವೀಟರಿನಿಂದ (ಮೇಲುಸ್ವರ ನುಡಿಸುವ ಸಣ್ಣ ಭಾಗ) "ಸ್‌ಸ್‌ಸ್" ಎಂದು ಸಣ್ಣಗೆ ಬರುತ್ತಲೇ ಇತ್ತು. ಒಮ್ಮೆ ಕಿವಿಗೆ ಬಿದ್ದದ್ದೇ, ಆಮೇಲೆ ಅದೇ ಕೇಳಿಸತೊಡಗಿತು. ಮಾರಿಬಿಟ್ಟೆ. ಮೊದಲಕಿವಿ ಅವರೇ, ನೀವೂ ರಾತ್ರಿ ಕೇಳುವವರು. ಕೊಳ್ಳುವ ಮೊದಲು ಸದ್ದಿಲ್ಲದ ಕೋಣೆಯಲ್ಲಿ, ಹಾಡೇ ಹಾಕದೆ ಒಂದು ನಿಮಿಷ ಕೇಳಿ.

ಸುಮ್ಮನೇಕೇಳು

ಸ್ಟುಡಿಯೊ ಅಂದ ತಕ್ಷಣ ಮನೆಗೂ ಚೆನ್ನ ಅಂತಲ್ಲ. ಯಮಹಾ ಎನ್‌ಎಸ್-10 ಸ್ಪೀಕರಿನದು ಉಲ್ಟಾ ಕಥೆ. 1978ರಲ್ಲಿ ಮನೆಗೆ ಅಂತ ಬಂತು, ನೆಲೆ ನಿಂತಿದ್ದು ಸ್ಟುಡಿಯೊದಲ್ಲಿ. ಬಿಳಿ ಕೋನಿನದು (ಮುಂದೆ ಕಾಣೋ ಅದುರುವ ಬಟ್ಟಲು), ಫೋಟೋಗಳಲ್ಲಿ ನೋಡಿರ್ತೀರಿ. ಟ್ವೀಟರ್ ಚುಚ್ಚುತ್ತೆ ಅಂತ ಇಂಜಿನಿಯರ್‌ಗಳು ಅದರ ಮುಂದೆ ಟಿಶ್ಯೂ ಪೇಪರ್ ಅಂಟಿಸ್ಕೊಂಡು ಕೆಲಸ ಮಾಡಿದ್ರು. ರೆಕಾರ್ಡಿಂಗಿನ ತಪ್ಪು ಎತ್ತಿ ತೋರಿಸೋಕೆ ಸರಿ. ದಿನವಿಡೀ ದುಡಿದು ಬಂದು ಕಾಲು ಚಾಚಿ ಕೂತವನಿಗೆ ತಪ್ಪು ಯಾಕೆ ಬೇಕು ಗುರುವೇ?

ಕೋಣೆಮೂಲೆ

ಇಷ್ಟು ಹೊತ್ತು ಎಲ್ಲರೂ ಪೆಟ್ಟಿಗೆಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಅವರು ಕೋಣೆಯ ಅಳತೆ ಕೊಟ್ಟಿದ್ದಾರೆ, ಅದನ್ನು ಯಾರೂ ನೋಡಲೇ ಇಲ್ಲ.

12 ಅಡಿ ಎಂದರೆ ಸುಮಾರು 3.66 ಮೀಟರ್. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡು ಉದ್ದದ ಎರಡರಷ್ಟರಿಂದ ಭಾಗಿಸಿದರೆ 47 ಹರ್ಟ್ಸ್ ಆಸುಪಾಸು ಬರುತ್ತದೆ. ಆ ಸ್ವರ ಬಂದಾಗಲೆಲ್ಲ ಎದುರುಬದುರು ಗೋಡೆಗಳು ಅದನ್ನು ಹಿಡಿದು ತೂಗುತ್ತವೆ. 10 ಅಡಿ ಅಗಲಕ್ಕೆ ಅದೇ ಲೆಕ್ಕದಲ್ಲಿ 56. ಸೂರಿನ ಎತ್ತರವೂ 10 ಅಡಿ ಇದ್ದರೆ ಎರಡೂ ಸೇರಿ ಅದೇ 56ರ ಮೇಲೆ ಕೂರುತ್ತವೆ. ಬೇಸ್ ಗಿಟಾರಿನ ಒಂದೆರಡು ಸ್ವರ ಮಾತ್ರ "ಗುಮ್ಮ್" ಎಂದು ಉಬ್ಬಿ, ಪಕ್ಕದ್ದು ಮಾಯವಾದರೆ ಸ್ಪೀಕರನ್ನು ಬಯ್ಯಬೇಡಿ. ಎಷ್ಟು ದುಬಾರಿ ಪೆಟ್ಟಿಗೆ ತಂದಿಟ್ಟರೂ ಆ 56 ಅಲ್ಲೇ ಇರುತ್ತದೆ.

ಕೋಣೆಯ ನಟ್ಟನಡುವೆ ಕೂತರೆ ಈ ಸ್ವರಗಳು ತೀರ ಸೊರಗುತ್ತವೆ. ಗೋಡೆಗೆ ಬೆನ್ನು ಹಚ್ಚಿ ಕೂತರೆ ತೀರ ಉಬ್ಬುತ್ತವೆ. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಕ್ಕೆ ತಂದು ನೋಡಿ. ಸ್ಪೀಕರುಗಳೂ ಅಷ್ಟೆ, ಗೋಡೆಗೆ ಒತ್ತಿಟ್ಟರೆ ಬೇಸ್ ಹೆಚ್ಚು, ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು. ಅವೆರಡರ ನಡುವಿನ ಅಂತರ ಎಷ್ಟೋ ನಿಮ್ಮ ಕಿವಿಗೂ ಸರಿಸುಮಾರು ಅಷ್ಟೇ ದೂರವಿರಲಿ, ಸಮಭುಜ ತ್ರಿಕೋನದ ಹಾಗೆ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆಯೇ "ಝಿಂಯ್" ಎಂದು ತಂತಿ ಮೀಟಿದ ಹಾಗೆ ಕೇಳಿಸಿದರೆ ಬೋಳುಗೋಡೆಗಳು ಸದ್ದನ್ನು ಚೆಂಡಾಡುತ್ತಿವೆ ಎಂದರ್ಥ. ದಪ್ಪ ಪರದೆ, ನೆಲಕ್ಕೊಂದು ಜಮಖಾನ ಸಾಕು. ನಿಮ್ಮ ಪುಸ್ತಕದ ಕಪಾಟು ಇದ್ದದ್ದೇ ಒಳ್ಳೆಯದಾಯಿತು. ಏರುಪೇರಾಗಿ ಜೋಡಿಸಿದ ಪುಸ್ತಕ ಸದ್ದನ್ನು ಚೆಲ್ಲಾಪಿಲ್ಲಿ ಮಾಡುತ್ತದೆ, ಅದನ್ನು ನೀಟಾಗಿಸಲು ಹೋಗಬೇಡಿ.

ಇಷ್ಟು ಸಣ್ಣ ಕೋಣೆಗೆ ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್ ಬೇಡ. 5 ಅಥವಾ 6.5 ಇಂಚಿನ ವೂಫರ್ (ಕೆಳಸ್ವರ ನುಡಿಸುವ ದೊಡ್ಡ ಕೋನಿನ ಭಾಗ) ಇರುವ ಬುಕ್‌ಶೆಲ್ಫ್ ಎಂಬ ಚಿಕ್ಕ ಸ್ಪೀಕರ್ ಸಾಕು. ಹೆಸರು ಬುಕ್‌ಶೆಲ್ಫ್ ಎಂದಿದ್ದರೂ ಕಪಾಟಿನೊಳಗೆ ತುರುಕದೆ ಸ್ಟ್ಯಾಂಡ್ ಮೇಲಿಡಿ.

ಬಂಗಾರದಕಿವಿ

ಸ್ಪೀಕರ್ ಕೇಬಲ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಕೇಬಲಿಗೆ ಬಜೆಟಿನ ಕಾಲುಭಾಗವಾದರೂ ಎತ್ತಿಡಿ. ನಾನು ಬದಲಿಸಿದ ದಿನವೇ ಪರದೆ ಸರಿದ ಹಾಗಾಯಿತು. ಕಿವಿ ಇದ್ದವರಿಗೆ ಕೇಳಿಸುತ್ತದೆ.

ತಂತಿಬೇಸಾಯ

ಬಂಗಾರದಕಿವಿ ಅವರೇ, ತಮಾಷೆ ಅಲ್ಲ, ಲೆಕ್ಕ ನೋಡಿ. 1.5 ಚದರ ಮಿಲಿಮೀಟರಿನ ತಾಮ್ರದ ವೈರು 5 ಮೀಟರ್ ಎಳೆದರೆ ಹೋಗಿ ಬರೋದು 10 ಮೀಟರ್. ಅದರ ರೆಸಿಸ್ಟೆನ್ಸ್ ಸುಮಾರು 0.12 ಓಮ್. ಎದುರಿಗೆ ಸ್ಪೀಕರ್ 8 ಓಮ್. ಅದು ನಿಮ್ಮ ಪರದೆ ಸರಿಸೋವಷ್ಟು ದೊಡ್ಡದಲ್ಲ. ಕೂದಲೆಳೆ ವೈರು ಹಾಕಿದ್ರೆ ತೊಂದರೆ, ಒಪ್ತೀನಿ. ಮನೆ ವೈರಿಂಗಿಗೆ ಬಳಸೋ ದಪ್ಪದ ಜೋಡಿ ವೈರೇ ಸಾಕು.

ಮೋಸ ಹೋಗೋದು ಬೇರೆ ಕಡೆ. ತಾಮ್ರ ಅಂತ ಹೇಳಿ ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟದ್ದು ಮಾರ್ತಾರೆ. ಒಂದು ಎಳೆ ಬಿಡಿಸಿ ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡ್ರೆ ವಾಪಸ್ ಕೊಟ್ಟುಬಿಡಿ.

ಬಂಗಾರದಕಿವಿ

ಅಳತೆಯಲ್ಲಿ ಎಲ್ಲವೂ ಸಿಕ್ಕುವುದಿಲ್ಲ ಸ್ವಾಮಿ. ನನ್ನ ಕಿವಿ ಸುಳ್ಳು ಹೇಳುತ್ತದೆಯೇ?

ಇರುಳುರಾಗ

ಎಲ್ಲರ ಕಿವಿಯೂ ಹೇಳುತ್ತದೆ, ನನ್ನದೂ. ಎರಡು ಸ್ಪೀಕರ್ ಹೋಲಿಸುವಾಗ ಒಂದು ಡೆಸಿಬಲ್‌ನಷ್ಟು ಜೋರಾಗಿರುವುದು "ಚೆನ್ನಾಗಿದೆ" ಎಂದೇ ಅನಿಸುತ್ತದೆ, "ಜೋರಾಗಿದೆ" ಎಂದಲ್ಲ. ಅಂಗಡಿಯಲ್ಲಿ ಹೋಲಿಸುವಾಗ ವಾಲ್ಯೂಮ್ ಸರಿಸಮ ಮಾಡಿಸಿಕೊಳ್ಳಿ. ನಿಮಗೆ ಬಾಯಿಪಾಠವಾಗಿರುವ ಒಂದೇ ಹಾಡು ಕೇಳಿ. ಅವರು ಹಾಕುವ ಡೆಮೊ ಹಾಡು ಯಾವ ಸ್ಪೀಕರಿನಲ್ಲೂ ಚೆನ್ನಾಗಿಯೇ ಇರುತ್ತದೆ, ಅದಕ್ಕೇ ಅದನ್ನು ಆರಿಸಿರುತ್ತಾರೆ.

ನಿರ್ವಾಹಕ

ಕೇಬಲ್ ಜಗಳಕ್ಕೆ ಬೇರೆ ಚರ್ಚೆಯ ಎಳೆ ಇದೆ, ದಯವಿಟ್ಟು ಅಲ್ಲಿಗೆ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಿ.

ಮೊದಲಕಿವಿ

ಇಷ್ಟೊಂದು ಜನ ಬರೆದಿದ್ದೀರಿ, ತುಂಬ ಥ್ಯಾಂಕ್ಸ್. 5.1 ಕೈಬಿಟ್ಟೆ. ಇರುಳುರಾಗ ಮೇಡಂ ಹೇಳಿದ ಆಕ್ಟಿವ್ ಸ್ಪೀಕರೂ ಆಸೆ ಹುಟ್ಟಿಸಿತು. ಆದರೆ ಪರಿಚಯದವರೊಬ್ಬರು ಹಳೆಯ ಇಂಟಿಗ್ರೇಟೆಡ್ ಆಂಪ್ ಒಂದನ್ನು ಕಡಿಮೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. 40 ವ್ಯಾಟಿನದು. ಜೊತೆಗೆ ಒಂದು ಜೋಡಿ ದೊಡ್ಡ ಸ್ಪೀಕರ್ ಕೂಡ. ಸೆಕೆಂಡ್ ಹ್ಯಾಂಡ್ ನಂಬಬಹುದೇ? ನೋಡುವಾಗ ಏನು ನೋಡಬೇಕು?

ಇನ್ನೊಂದು: ಸಿಡಿ ಹಾಕಲು ಪ್ಲೇಯರೂ ಬೇರೆ ಕೊಳ್ಳಬೇಕಾ?

ತಂತಿಬೇಸಾಯ

ಆಂಪ್ ಧೈರ್ಯವಾಗಿ ನೋಡಿ. ಸ್ಪೀಕರ್ ಅನುಮಾನದಿಂದ ನೋಡಿ.

ಇದನ್ನ ಅನುಭವದಿಂದ ಹೇಳ್ತಿದೀನಿ. ದಿನಾ ಮಂದಿಗೆ ಬುದ್ಧಿ ಹೇಳೋ ನಾನೇ ಒಮ್ಮೆ ಸಂಜೆ ಮಬ್ಬಲ್ಲಿ, ಜಾಲರಿನೂ ತೆಗೀದೆ, ಒಂದು ಜೊತೆ ನಿಲುವಿನ ಸ್ಪೀಕರ್ ಹೊತ್ಕೊಂಡು ಬಂದೆ. ಮನೇಲಿ ಹಾಕಿದರೆ ಬೇಸ್ ಬಂದಾಗೆಲ್ಲ ಟಪರಾ ಟಪರಾ. ಜಾಲರಿ ತೆಗೆದು ವೂಫರ್ ಅಂಚಿನ ಫೋಮ್ ಮುಟ್ಟಿದರೆ ಹಳೇ ರಸ್ಕಿನ ಹಾಗೆ ಬೆರಳಿಗೆ ಪುಡಿ ಬಂತು. ಕೋನಿಗೂ ಚೌಕಟ್ಟಿಗೂ ನಡುವೆ ಇರೋ ಆ ಫೋಮು ಹದಿನೈದಿಪ್ಪತ್ತು ವರ್ಷಕ್ಕೆ ತಾನಾಗೇ ಕೊಳೆಯುತ್ತೆ, ಬಳಸಿದರೂ ಅಷ್ಟೆ ಬಿಟ್ಟರೂ ಅಷ್ಟೆ. ರಬ್ಬರ್ ಅಂಚು ಬಹಳ ಬಾಳುತ್ತೆ. ಹಾಗಾಗಿ ಜಾಲರಿ ತೆಗೆಸಿ, ಬೆರಳ ತುದಿಯಿಂದ ಅಂಚು ಮೆತ್ತಗೆ ಒತ್ತಿ. ಆಮೇಲೆ ಐದೂ ಬೆರಳು ಕೋನ್ ಮೇಲೆ ಅಗಲಕ್ಕಿಟ್ಟು ಒಂದೇ ಸಮ ಒಳಗೆ ತಳ್ಳಿ ಬಿಡಿ. ನಯವಾಗಿ ಹೋಗಿ ಬರ್ಬೇಕು. ಕರ್ ಅಂದ್ರೆ ಕೋನಿನ ಹಿಂದಿರೋ ಕಾಯಿಲ್ (ತಂತಿಸುರುಳಿ) ಉಜ್ಜುತ್ತಿದೆ, ಬೇಡ. ಎರಡೂ ಟ್ವೀಟರಿಗೆ ಕಿವಿ ಹತ್ತಿರ ಹಿಡಿದು ಕೇಳಿ. ಒಂದು ಸತ್ತಿದ್ರೂ ದೂರದಿಂದ ಗೊತ್ತಾಗೋದಿಲ್ಲ, ಸ್ವಲ್ಪ ಮಂಕು ಅನ್ನಿಸುತ್ತೆ ಅಷ್ಟೆ.

ಆಂಪ್ ಹಚ್ಚಿದ ಮೇಲೆ ಅರ್ಧ ಗಂಟೆ ಓಡಿಸಿ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದ್ರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಗುಟುಕು ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಹೋಗುತ್ತೆ. ಒಂದು ಕಡೆ ಸದ್ದು ಬಿಟ್ಟು ಬಿಟ್ಟು ಬರ್ತಿದ್ರೆ, ಜೋರು ಮಾಡಿದಾಗ ಸರಿಹೋದರೆ, ಸ್ಪೀಕರ್ ರಿಲೇಗೆ (ಆಂಪ್ ಒಳಗಿನ ಸ್ವಿಚ್ಚಿಗೆ) ಕಿಲುಬು ಹಿಡಿದಿದೆ. ಅದೂ ಸಣ್ಣ ಕೆಲಸವೇ. ಏನೂ ಹಾಕದೆ ಎರಡೂ ಕಡೆ ಗುಂಯ್ ಅಂತಿದ್ರೆ ಪವರ್ ಸಪ್ಲೈ ಕೆಪಾಸಿಟರ್ ಒಣಗಿರಬಹುದು, ಬೆಲೆ ಇಳಿಸಿ ಕೇಳಿ. ಸುಟ್ಟ ವಾಸನೆ ಬಂದ್ರೆ ನಮಸ್ಕಾರ ಹೇಳಿ ಬನ್ನಿ.

ಸಿಡಿಗೆ ಹೊಸ ಪ್ಲೇಯರ್ ಬೇಡ. ಅಟ್ಟದ ಮೇಲೆ ಹಳೇ ಡಿವಿಡಿ ಪ್ಲೇಯರ್ ಇದ್ಯಾ ನೋಡಿ. ಕೆಂಪು ಬಿಳಿ ಆರ್‌ಸಿಎ ಔಟ್‌ಪುಟ್ ಇದ್ರೆ ನೇರ ಆಂಪಿಗೆ ಹಾಕಿ, ಸಿಡಿ ಹಾಡುತ್ತೆ.

ಕೋಣೆಮೂಲೆ

ಸಿಡಿಗಳನ್ನು ಹಳೆಯ ಸರಕು ಎಂದು ಮೂಲೆಗೆ ತಳ್ಳಬೇಡಿ. 16 ಬಿಟ್, 44.1 ಕಿಲೋಹರ್ಟ್ಸ್ ಎಂದು 1982ರಲ್ಲಿ ಮಾರುಕಟ್ಟೆಗೆ ಬಂದ ಆ ಅಳತೆ ಇಂದಿಗೂ ಮನುಷ್ಯನ ಕಿವಿಗೆ ಸಾಕಾಗುವಷ್ಟಿದೆ. ಫೋನಿನಿಂದ ಬ್ಲೂಟೂತಿನಲ್ಲಿ ಹೋಗುವಾಗ ಹಾಡನ್ನು ಮತ್ತೊಮ್ಮೆ ಕುಗ್ಗಿಸಿ ಕಳಿಸುತ್ತಾರೆ. ಗಾಬರಿಪಡುವಷ್ಟು ವ್ಯತ್ಯಾಸವೇನಲ್ಲ, ಆದರೂ ಒಂದು ಸಣ್ಣ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಒಗ್ಗುವ ಸಿಗ್ನಲ್ ಮಾಡುವ ಸಾಧನ) ಸಿಕ್ಕಿಸಿ ವೈರಿನಲ್ಲಿ ಕೊಟ್ಟರೆ ಆ ಚಿಂತೆಯೂ ಇಲ್ಲ, ಹಾಡಿನ ನಡುವೆ ಮೆಸೇಜಿನ "ಟಿಂಗ್" ಬರುವುದನ್ನು ಮಾತ್ರ ನೀವೇ ಬಂದ್ ಮಾಡಿಕೊಳ್ಳಬೇಕು.

ಇರುಳುರಾಗ

ಹಳೆಯ ಆಂಪ್ ಎಂದಿರಲ್ಲ, ಮುಂದೆ "ಲೌಡ್‌ನೆಸ್" ಎಂಬ ಗುಂಡಿ ಇದೆಯೇ ನೋಡಿ. ಇದ್ದರೆ ನಿಮ್ಮ ಪುಣ್ಯ. ಸದ್ದು ತಗ್ಗಿದಷ್ಟೂ ನಮ್ಮ ಕಿವಿಗೆ ಕೆಳಸ್ವರಗಳು ಕೇಳಿಸುವುದು ಕಡಿಮೆಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದರು. ಆ ಗುಂಡಿ ಸದ್ದು ಸಣ್ಣದಿದ್ದಾಗ ಬೇಸನ್ನು ಸ್ವಲ್ಪ ಎತ್ತಿಕೊಡುತ್ತದೆ. "ಶುದ್ಧ ಸದ್ದು" ಬೇಕೆನ್ನುವವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಮಗು ಮಲಗಿರುವ ಮನೆಯಲ್ಲಿ ರಾತ್ರಿ 11ಕ್ಕೆ ಕೇಳುವವರಿಗಾಗಿಯೇ ಮಾಡಿದ ಗುಂಡಿ ಅದು. ಜೋರಾಗಿ ಕೇಳುವಾಗ ಮರೆಯದೆ ಆಫ್ ಮಾಡಿ.

ಮೊದಲಕಿವಿ

(ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ.)

ಆಂಪ್ ತಂದೆ. ದೊಡ್ಡ ಸ್ಪೀಕರುಗಳ ಜಾಲರಿ ತೆಗೆಸಿ ಬೆರಳು ಇಟ್ಟೆ, ಪುಡಿ ಬಂತು! ಮಾರುವವರ ಮುಖ ನೋಡಬೇಕಿತ್ತು. ಅವನ್ನು ಬಿಟ್ಟು, 6.5 ಇಂಚಿನ ಹೊಸ ಬುಕ್‌ಶೆಲ್ಫ್ ಜೋಡಿ ಕೊಂಡೆ. 87 ಡೆಸಿಬಲ್, 8 ಓಮ್. ಸ್ಟ್ಯಾಂಡ್ ಬಡಗಿಯ ಹತ್ತಿರ ಮಾಡಿಸಿದೆ. ಡಿವಿಡಿ ಪ್ಲೇಯರ್ ಧೂಳು ಒರೆಸಿಕೊಂಡು ಎದ್ದು ಕೂತಿದೆ.

ಆದರೆ ನಿಜ ಹೇಳಬೇಕೆಂದರೆ ನಿರಾಸೆಯಾಗಿದೆ. ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ, ತಲೆಯ ಸುತ್ತ ಹೊಗೆಯ ಹಾಗೆ ಹರಡಿಕೊಳ್ಳುತ್ತದೆ. ಬೇಸ್ ಇಲ್ಲವೇ ಇಲ್ಲ, ಸೌಂಡ್‌ಬಾರಿನಲ್ಲಿ ಇದಕ್ಕಿಂತ ಇತ್ತು. ಸ್ಪೀಕರ್ ಹಿಂದಿರುಗಿಸಲು ಇನ್ನು ಎರಡೇ ದಿನ ಇದೆ. ಕೊಟ್ಟುಬಿಡಲಾ?

ತಂತಿಬೇಸಾಯ

ತಡೀರಿ ತಡೀರಿ! ವೈರು ಉಲ್ಟಾ ಹಾಕಿದೀರಾ ಅಂತ ನನ್ನ ಅನುಮಾನ. ಒಂದು ಸ್ಪೀಕರಿಗೆ ಕೆಂಪು-ಕಪ್ಪು ಅದಲುಬದಲಾದ್ರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ. ಕೆಳಸ್ವರ ಒಂದನ್ನೊಂದು ತಿಂದುಹಾಕುತ್ತೆ, ದನಿ ಅಡ್ರೆಸ್ ಇಲ್ಲದ ಹಾಗೆ ಅಲೆಯುತ್ತೆ. ನೀವು ಬರೆದಿರೋ ಲಕ್ಷಣ ಅಕ್ಷರಶಃ ಅದೇ.

ಆಂಪ್ ಆಫ್ ಮಾಡಿ, ಅದರ ಕಡೆಯ ವೈರಿನ ತುದಿಗಳನ್ನ ಬಿಚ್ಚಿ. 1.5 ವೋಲ್ಟಿನ ಸಾದಾ ಸೆಲ್ ತಗೊಂಡು, ಕೆಂಪು ಟರ್ಮಿನಲಿಗೆ ಹಾಕ್ತಿದ್ದ ತುದಿ ಪ್ಲಸ್ಸಿಗೆ, ಕಪ್ಪಿಂದು ಮೈನಸ್ಸಿಗೆ ಅರೆಕ್ಷಣ ಮುಟ್ಟಿಸಿ ತೆಗೀರಿ. ವೂಫರ್ "ಟಕ್" ಅಂತ ಹೊರಗೆ ಬರ್ಬೇಕು. ಎರಡಕ್ಕೂ ಮಾಡಿ. ಒಂದು ಒಳಗೆ ಹೋದ್ರೆ ಕಳ್ಳ ಸಿಕ್ಕಿಬಿದ್ದ.

ಬಂಗಾರದಕಿವಿ

ಇದನ್ನು ನಾನೂ ಹೇಳಬೇಕೆಂದಿದ್ದೆ. ಹಿಂದಿರುಗಿಸಬೇಡಿ, ಮೊದಲು ಫೇಸ್ (ಎರಡೂ ಕೋನ್ ಒಟ್ಟಿಗೆ ಮುಂದೆ ಬರುತ್ತವೆಯೇ ಎಂಬುದು) ನೋಡಿ.

ಮೊದಲಕಿವಿ

ಸಿಕ್ಕಿತು ಸರ್. ಎಡಗಡೆಯದು ಹೊರಗೆ, ಬಲಗಡೆಯದು ಒಳಗೆ. ವೈರಿನ ಎರಡೂ ಎಳೆ ಪಾರದರ್ಶಕ, ಒಂದರ ಮೇಲೆ ಮಾತ್ರ ಕೂದಲಿನಷ್ಟು ತೆಳುವಾದ ಗೆರೆ ಇದೆ. ಕಪಾಟಿನ ಹಿಂದೆ ಬಾಗಿಕೊಂಡು ಟಾರ್ಚ್ ಬಾಯಲ್ಲಿ ಕಚ್ಚಿ ಹಾಕಿದ್ದೆ, ಗೆರೆ ಕಂಡಿರಲಿಲ್ಲ. ಈಗ ನಾಲ್ಕೂ ತುದಿಗೆ ಬಣ್ಣದ ಟೇಪ್ ಸುತ್ತಿದೆ.

ತಿರುಗಿಸಿ ಹಾಕಿ ಅಪ್ಪನ ಪೆಟ್ಟಿಗೆಯಿಂದ ಒಂದು ಹಳೆಯ ಮೋನೊ ರೆಕಾರ್ಡಿಂಗಿನ ಸಿಡಿ ಹಾಕಿದೆ. ದನಿ ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಿಂದ ಬರುತ್ತಿದೆ. ಎದ್ದು ಹೋಗಿ ಸೌಂಡ್‌ಬಾರ್ ಆನ್ ಇದೆಯಾ ಎಂದು ನೋಡಿಬಂದೆ, ನಿಜವಾಗಿಯೂ.

ಈಗ ಬೇಸ್ ಜಾಸ್ತಿಯೇ ಆಯಿತು. ಒಂದು ಸ್ವರಕ್ಕೆ ಮಾತ್ರ ಕಿಟಕಿಯ ಗಾಜು ಗುಂಯ್ ಎನ್ನುತ್ತದೆ.

ಕೋಣೆಮೂಲೆ

ನಾನು ಹೇಳಿದ ಆ 56 ಇರಬಹುದು. ಗೋಡೆಯಿಂದ ಎಷ್ಟು ದೂರದಲ್ಲಿದ್ದಾವೆ? ಒಂದೊಂದು ಗೇಣು ಮುಂದಕ್ಕೆ ತಂದು ಅದೇ ಹಾಡು ಕೇಳುತ್ತಾ ಹೋಗಿ. ಎರಡನ್ನೂ ಒಟ್ಟಿಗೆ ಸರಿಸಿ.

ಮೊದಲಕಿವಿ

ಮೊದಲು 15 ಸೆಂಟಿಮೀಟರ್ ಇತ್ತು. ಈಗ 62ಕ್ಕೆ ಬಂದು ನಿಂತಿದೆ. 80ಕ್ಕೆ ತಂದರೆ ದನಿ ಇನ್ನೂ ಬಿಡಿಬಿಡಿಯಾಗುತ್ತದೆ, ಆದರೆ ಬಾಗಿಲು ತೆರೆಯಲು ಆಗುವುದಿಲ್ಲ. ಕುರ್ಚಿ ಮೂರೂವರೆ ಅಡಿ ಮುಂದೆ ಬಂತು. ಗಾಜು ಸುಮ್ಮನಾಯಿತು. ಲೌಡ್‌ನೆಸ್ ಗುಂಡಿ ಇದೆ ಮೇಡಂ, ನಿನ್ನೆ ರಾತ್ರಿ ವಾಲ್ಯೂಮ್ ಎಂಟು ಗಂಟೆಯ ಮುಳ್ಳಿನ ಜಾಗದಲ್ಲಿ ಇಟ್ಟು ಒಂದು ಇಡೀ ಸಿಡಿ ಕೇಳಿದೆ, ಮಗು ಏಳಲಿಲ್ಲ.

ಗುಡಿಸುವಾಗ ಸ್ಟ್ಯಾಂಡ್ ಸರಿಯುತ್ತದೆಂದು ನೆಲದ ಮೇಲೆ ಟೇಪಿನಲ್ಲಿ ಗುರುತು ಹಾಕಿದ್ದೇನೆ. ಮನೆಯವರು ಅದನ್ನು ನೋಡಿ "ಇದೇನು, ಪೊಲೀಸರು ಬಂದು ಹೋದ ಹಾಗಿದೆ" ಅಂದರು.

ಒಂದು ಸಬ್‌ವೂಫರ್ ಸೇರಿಸಿದರೆ ಇನ್ನೂ ಚೆನ್ನಾಗುತ್ತದಾ?

ಸುಮ್ಮನೇಕೇಳು

ಶುರುವಾಯ್ತು ನೋಡಿ ಕಾಯಿಲೆ.

ತಂತಿಬೇಸಾಯ

ಆರು ತಿಂಗಳು ಬಿಟ್ಟು ಕೇಳಿ ಸರ್. ಅಲ್ಲಿವರೆಗೆ ಅಪ್ಪನ ಪೆಟ್ಟಿಗೆ ಖಾಲಿ ಮಾಡಿ.